ಹೊರಮೈ ಹಾನಿಯಾದ ಹಳೆಯ ಕಾರಿನ ದುರಸ್ತಿ

ಹೊರಮೈ ಹಾನಿ ಎಂದರೆ ಕಾರಿನ ಓಟಕ್ಕೆ ನೇರವಾಗಿ ಅಡ್ಡಿಯಾಗದೆ ಅದರ ನೋಟವನ್ನು ಮಾತ್ರ ಕೆಡಿಸುವ ಗೀರು, ನೆಗ್ಗು, ಬಣ್ಣ ಮಾಸುವಿಕೆ, ಬಂಪರಿನ ಬಿರುಕು ಮೊದಲಾದ ದೋಷಗಳು. ಇಂತಹ ಹಾನಿಯಿರುವ ಬಳಸಿದ ಕಾರನ್ನು ಸರಿಪಡಿಸಬೇಕೇ, ಇದ್ದಂತೆಯೇ ಬಳಸಬೇಕೇ ಅಥವಾ ಮಾರಬೇಕೇ ಎಂಬ ನಿರ್ಧಾರವು ಮೂರು ಅಂಶಗಳನ್ನು ಅವಲಂಬಿಸಿದೆ. ಹಾನಿಯು ನಿಜವಾಗಿಯೂ ಹೊರಮೈಗೆ ಸೀಮಿತವಾಗಿದೆಯೇ ಎಂಬುದು ಮೊದಲನೆಯದು. ದುರಸ್ತಿಯ ವೆಚ್ಚವು ಕಾರಿನ ಬೆಲೆಯಲ್ಲಿ ಉಂಟುಮಾಡುವ ಏರಿಕೆಗಿಂತ ಕಡಿಮೆಯೇ ಎಂಬುದು ಎರಡನೆಯದು. ಮಾಲೀಕನು ಕಾರನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತಾನೆ ಎಂಬುದು ಮೂರನೆಯದು. ಈ ಲೇಖನವು ಭಾರತದ ಕಾನೂನು ಮತ್ತು ವಿಮಾ ನಿಯಮಗಳ ಹಿನ್ನೆಲೆಯಲ್ಲಿ, ಹಾವೇರಿ ಜಿಲ್ಲೆಯ ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ಪಟ್ಟಣಗಳ ಪರಿಸ್ಥಿತಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುತ್ತದೆ.

ಪ್ರಾದೇಶಿಕ ಹಿನ್ನೆಲೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಹಾವೇರಿ ಮತ್ತು ರಾಣೇಬೆನ್ನೂರು ಪಟ್ಟಣಗಳು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ ಮಾರ್ಗದಲ್ಲಿವೆ. ಬ್ಯಾಡಗಿಯು ಹೆದ್ದಾರಿಯಿಂದ ಸ್ವಲ್ಪ ಒಳಗಿದ್ದು, ಮೋಟೆಬೆನ್ನೂರಿನ ಮೂಲಕ ಅದಕ್ಕೆ ಸಂಪರ್ಕ ಪಡೆದಿದೆ. ಜಿಲ್ಲೆಯಲ್ಲಿ ನೋಂದಣಿಯಾದ ವಾಹನಗಳು ಹಾವೇರಿ ಕಚೇರಿಯಿಂದ ಕೆಎ-27 ಅಥವಾ ರಾಣೇಬೆನ್ನೂರು ಕಚೇರಿಯಿಂದ ಕೆಎ-68 ಸಂಕೇತವನ್ನು ಹೊಂದಿರುತ್ತವೆ.

ಇಲ್ಲಿನ ಕಾರುಗಳಿಗೆ ಆಗುವ ಹಾನಿಯು ಬಹುಮಟ್ಟಿಗೆ ಬಳಕೆಯ ಸ್ಥಳವನ್ನು ಅನುಸರಿಸಿರುತ್ತದೆ. ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿಯುವ ಕಲ್ಲುಗಳು ಬಾನೆಟ್ ಮತ್ತು ಮುಂಗಾಜಿನ ಮೇಲೆ ಚುಕ್ಕೆಗಳನ್ನು ಉಂಟುಮಾಡುತ್ತವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆ ಬೆಳೆಯ ಹಂಗಾಮಿನಲ್ಲಿ ಲಾರಿ, ಟ್ರ್ಯಾಕ್ಟರ್ ಮತ್ತು ಸರಕು ಆಟೋಗಳಿಂದ ತುಂಬುವ ಮಾರುಕಟ್ಟೆಯ ರಸ್ತೆಗಳಲ್ಲಿ ಕಾರಿನ ಬದಿಗಳಿಗೆ ಕಡಿಮೆ ವೇಗದ ಗೀರು ಮತ್ತು ನೆಗ್ಗುಗಳು ಬೀಳುವುದು ಸಹಜ. ಬಯಲುಸೀಮೆಯ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಮೇಲ್ಛಾವಣಿ ಹಾಗೂ ಬಾನೆಟ್‌ಗಳ ಮೇಲಿನ ಹೊಳಪಿನ ಪದರ ಸುಲಿಯುತ್ತದೆ. ಈ ಮೂರೂ ಬಗೆಯ ಹಾನಿಗಳು ನೋಡಲು ಒಂದೇ ರೀತಿಯಾಗಿ ಕೆಟ್ಟದಾಗಿ ಕಂಡರೂ ಅವುಗಳ ಪರಿಣಾಮ ಮತ್ತು ವೆಚ್ಚಗಳು ಬೇರೆ ಬೇರೆ.

ಹಾನಿಯ ವಿಧಗಳು

ಕಾರ್ಖಾನೆಯಲ್ಲಿ ಉಕ್ಕಿನ ಹಾಳೆಯ ಮೇಲೆ ತುಕ್ಕುನಿರೋಧಕ ಪ್ರೈಮರ್, ಅದರ ಮೇಲೆ ಸಮತಟ್ಟುಗೊಳಿಸುವ ಪದರ, ನಂತರ ಬಣ್ಣದ ಪದರ, ಕೊನೆಗೆ ಪಾರದರ್ಶಕ ಹೊಳಪಿನ ಪದರವನ್ನು ಹಾಕಲಾಗುತ್ತದೆ. ಇವೆಲ್ಲವೂ ಸೇರಿ ಸಾಮಾನ್ಯವಾಗಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪವಿರುತ್ತವೆ. ಗೀರು ಯಾವ ಪದರದವರೆಗೆ ಇಳಿದಿದೆ ಎಂಬುದರ ಮೇಲೆ ಅದರ ಗಂಭೀರತೆ ನಿರ್ಧಾರವಾಗುತ್ತದೆ.

ಹೊಳಪಿನ ಪದರದ ಗೀರು: ಉಗುರನ್ನು ಅಡ್ಡಲಾಗಿ ಎಳೆದಾಗ ಸಿಲುಕದ ಗೀರುಗಳು ಸಾಮಾನ್ಯವಾಗಿ ಮೇಲಿನ ಪದರದಲ್ಲಿಯೇ ಇರುತ್ತವೆ. ಪಾಲಿಶ್‌ನಿಂದ ಇವು ಬಹುತೇಕ ಮಾಯವಾಗುತ್ತವೆ. ಹಾಗೆಯೇ ಬಿಟ್ಟರೂ ಲೋಹಕ್ಕೆ ಅಪಾಯವಿಲ್ಲ.

ಲೋಹ ತಲುಪಿದ ಗೀರು: ಉಕ್ಕು ಗಾಳಿ ಮತ್ತು ತೇವಕ್ಕೆ ತೆರೆದುಕೊಂಡಾಗ ತುಕ್ಕು ಆರಂಭವಾಗಿ ಸುತ್ತಲಿನ ಬಣ್ಣದ ಅಡಿಗೆ ಹರಡುತ್ತದೆ. ಮಳೆಗಾಲಕ್ಕೆ ಮುನ್ನ ಇದನ್ನು ಮುಚ್ಚುವುದು ಅಗತ್ಯ. ಸಂಪೂರ್ಣ ಬಣ್ಣ ಹಾಕಿಸಲಾಗದಿದ್ದರೆ ಆ ಜಾಗಕ್ಕಷ್ಟೇ ಪ್ರೈಮರ್ ಮತ್ತು ಟಚ್‌ಅಪ್ ಬಣ್ಣ ಹಚ್ಚಿದರೂ ತುಕ್ಕನ್ನು ತಡೆಯಬಹುದು.

ನೆಗ್ಗು: ಬಣ್ಣ ಒಡೆಯದ ಸಣ್ಣ ನೆಗ್ಗನ್ನು ಒಳಗಿನಿಂದ ವಿಶೇಷ ಸಲಾಕೆಗಳಿಂದ ಒತ್ತಿ, ಬಣ್ಣ ಹಾಕದೆಯೇ ಸರಿಪಡಿಸುವ ವಿಧಾನವಿದೆ. ಬಣ್ಣ ಒಡೆದಿದ್ದರೆ ಅಥವಾ ಹಾಳೆಯ ಅಂಚಿನಲ್ಲಿ ಮಡಿಕೆ ಬಿದ್ದಿದ್ದರೆ ಪುಟ್ಟಿ ಹಾಗೂ ಬಣ್ಣದ ಕೆಲಸ ಅನಿವಾರ್ಯವಾಗುತ್ತದೆ.

ಪ್ಲಾಸ್ಟಿಕ್ ಭಾಗಗಳ ಹಾನಿ: ಇಂದಿನ ಕಾರುಗಳ ಬಂಪರ್ ಹೊದಿಕೆ ಪ್ಲಾಸ್ಟಿಕ್‌ನದಾಗಿದ್ದು ತುಕ್ಕು ಹಿಡಿಯುವುದಿಲ್ಲ. ಆದರೆ ಹೊದಿಕೆಯ ಹಿಂದಿರುವ ಲೋಹದ ತೊಲೆ ಬಾಗಿದೆಯೇ ಎಂಬುದನ್ನು ಹೊದಿಕೆ ಬಿಚ್ಚಿ ನೋಡಿದಾಗ ಮಾತ್ರ ತಿಳಿಯುತ್ತದೆ.

ದೀಪ ಮತ್ತು ಗಾಜು: ಹಳದಿಗಟ್ಟಿದ ಹೆಡ್‌ಲೈಟ್ ಹೊದಿಕೆ, ಚಾಲಕನ ಎದುರಿನ ಗಾಜಿನ ಬಿರುಕು ಮತ್ತು ಒಡೆದ ಬದಿಗನ್ನಡಿಗಳನ್ನು ಅಂದಕ್ಕೆ ಸಂಬಂಧಿಸಿದವು ಎಂದು ಪರಿಗಣಿಸಲಾಗದು. ಇವು ರಾತ್ರಿ ಚಾಲನೆಯ ಸುರಕ್ಷತೆಗೆ ಸಂಬಂಧಿಸಿದವುಗಳಾದ್ದರಿಂದ ಲಾಭನಷ್ಟದ ಲೆಕ್ಕವಿಲ್ಲದೆ ಸರಿಪಡಿಸಬೇಕಾದವು.

ಮರೆಯಾಗಿರುವ ಹಾನಿಯ ಪತ್ತೆ

ಈಗಿನ ಬಹುತೇಕ ಸಣ್ಣ ಕಾರುಗಳಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಮೈಕಟ್ಟೇ ಭಾರವನ್ನು ಹೊರುವ ಚೌಕಟ್ಟಾಗಿರುತ್ತದೆ. ಆದ್ದರಿಂದ ಬಾಗಿಲು, ಫೆಂಡರ್, ಬಾನೆಟ್‌ಗಳಂತಹ ಬಿಚ್ಚಿ ಜೋಡಿಸಬಹುದಾದ ಭಾಗಗಳ ಹಾನಿಗೂ, ಕಂಬಗಳು, ಮೇಲ್ಛಾವಣಿಯ ಅಂಚು, ಬಾಗಿಲಿನ ಕೆಳಗಿನ ಪಟ್ಟಿ ಹಾಗೂ ಎಂಜಿನ್ ಪಕ್ಕದ ತೊಲೆಗಳ ಹಾನಿಗೂ ಮೂಲಭೂತ ವ್ಯತ್ಯಾಸವಿದೆ. ಎರಡನೆಯ ಬಗೆಯದು ಹೊರಮೈ ಹಾನಿಯಲ್ಲ. ಅಂತಹ ಕಾರು ಮುಂದಿನ ಅಪಘಾತದಲ್ಲಿ ತಯಾರಕರು ಉದ್ದೇಶಿಸಿದ ರೀತಿಯಲ್ಲಿ ಆಘಾತವನ್ನು ಹೀರಿಕೊಳ್ಳುತ್ತದೆ ಎಂಬ ಭರವಸೆ ಇರುವುದಿಲ್ಲ.

ಪರೀಕ್ಷೆಗೆ ಕೆಲವು ಸರಳ ಕ್ರಮಗಳಿವೆ. ಬಾಗಿಲು, ಬಾನೆಟ್ ಮತ್ತು ಡಿಕ್ಕಿಯ ಸುತ್ತಲಿನ ಸಂದುಗಳು ಎರಡೂ ಬದಿಗಳಲ್ಲಿ ಸಮನಾಗಿರಬೇಕು. ಫೆಂಡರ್ ಹಾಗೂ ಬಾನೆಟ್‌ನ ಬೋಲ್ಟುಗಳ ಮೇಲಿನ ಬಣ್ಣ ಕೆತ್ತಿದ್ದರೆ ಆ ಭಾಗವನ್ನು ಹಿಂದೆ ಬಿಚ್ಚಲಾಗಿದೆ ಎಂದರ್ಥ. ಬಾಗಿಲಿನ ರಬ್ಬರ್ ಪಟ್ಟಿಯನ್ನು ಸರಿಸಿದಾಗ ಕಾರ್ಖಾನೆಯ ಸಮಾನ ಅಂತರದ ಬೆಸುಗೆಯ ಚುಕ್ಕೆಗಳು ಕಾಣಬೇಕು. ಬಣ್ಣದ ದಪ್ಪ ಅಳೆಯುವ ಉಪಕರಣದಲ್ಲಿ ಒಂದು ಭಾಗ ಮಾತ್ರ ಹಲವು ನೂರು ಮೈಕ್ರಾನ್ ತೋರಿಸಿದರೆ ಅಲ್ಲಿ ಪುಟ್ಟಿ ತುಂಬಿರುವ ಸಾಧ್ಯತೆಯಿದೆ. ಉಪಕರಣವಿಲ್ಲದಿದ್ದರೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಉಕ್ಕಿನ ಭಾಗದ ಮೇಲೆ ಸರಿಸಿ ಹಿಡಿತದ ವ್ಯತ್ಯಾಸವನ್ನು ಗಮನಿಸಬಹುದು. ಸಮತಟ್ಟಾದ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆದರೆ ಅಥವಾ ಟೈರುಗಳು ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರಗಳ ಜೋಡಣೆ ಮತ್ತು ಅಡಿಯ ತೊಲೆಗಳನ್ನು ಪರೀಕ್ಷಿಸಬೇಕು.

ಕಾರಿನ ಹಿಂದಿನ ಊರೂ ಮುಖ್ಯ. ಕೆಎ-19 ಮಂಗಳೂರು, ಕೆಎ-20 ಉಡುಪಿ ಮತ್ತು ಕೆಎ-30 ಕಾರವಾರ ಸಂಕೇತದ ಕಾರುಗಳು ಕರಾವಳಿಯ ಉಪ್ಪುಗಾಳಿಯಲ್ಲಿ ಬಳಕೆಯಾಗಿರಬಹುದಾದ್ದರಿಂದ ಅವುಗಳ ಅಡಿಭಾಗದ ತುಕ್ಕನ್ನು ವಿಶೇಷವಾಗಿ ನೋಡಲಾಗುತ್ತದೆ. ವರದಾ, ಕುಮುದ್ವತಿ ಮತ್ತು ತುಂಗಭದ್ರಾ ನದಿಗಳು ಹರಿಯುವ ಹಾವೇರಿ ಜಿಲ್ಲೆಯು 2019ರ ಆಗಸ್ಟ್‌ನ ನೆರೆಯಿಂದ ಬಾಧಿತವಾದ ಜಿಲ್ಲೆಗಳಲ್ಲಿ ಒಂದು. ನೆರೆಯಲ್ಲಿ ಮುಳುಗಿದ ಕಾರು ಹೊರಗೆ ಹೊಳೆಯುತ್ತಿದ್ದರೂ ಆಸನದ ಅಡಿಯ ಕಬ್ಬಿಣದಲ್ಲಿ ತುಕ್ಕು, ನೆಲಹಾಸಿನ ಕೆಳಗೆ ಕೆಸರು ಮತ್ತು ಸೀಟ್‌ಬೆಲ್ಟನ್ನು ಪೂರ್ತಿ ಎಳೆದಾಗ ನೀರಿನ ಕಲೆ ಉಳಿದಿರುತ್ತವೆ.

ವೆಚ್ಚ ಮತ್ತು ಬೆಲೆಯ ಹೋಲಿಕೆ

ಕಾರನ್ನು ಮಾರುವ ಉದ್ದೇಶವಿದ್ದಾಗ ಎರಡು ಮೊತ್ತಗಳನ್ನು ಹೋಲಿಸಬೇಕು. ಒಂದು, ಈಗಿನ ಸ್ಥಿತಿಯಲ್ಲಿ ದೊರೆಯುವ ಬೆಲೆ. ಇನ್ನೊಂದು, ದುರಸ್ತಿಯ ನಂತರದ ಬೆಲೆಯಿಂದ ದುರಸ್ತಿ ವೆಚ್ಚ ಕಳೆದು ಉಳಿಯುವ ಮೊತ್ತ. ಉದಾಹರಣೆಗೆ, ಹಾನಿಯಿಲ್ಲದಿದ್ದರೆ 2,50,000 ರೂಪಾಯಿ ಬೆಲೆಬಾಳುವ ಕಾರಿಗೆ ಈಗ 2,20,000 ರೂಪಾಯಿ ಸಿಗುತ್ತದೆ ಎಂದುಕೊಳ್ಳೋಣ. ದುರಸ್ತಿಗೆ 18,000 ರೂಪಾಯಿ ತಗಲಿದರೆ 12,000 ರೂಪಾಯಿ ಲಾಭ ಉಳಿಯುತ್ತದೆ. ಅದೇ ದುರಸ್ತಿಗೆ 45,000 ರೂಪಾಯಿ ತಗಲಿದರೆ 15,000 ರೂಪಾಯಿ ನಷ್ಟವಾಗುತ್ತದೆ. ಆಗ ಹಾನಿಯನ್ನು ತೋರಿಸಿಯೇ ಮಾರುವುದು ಮೇಲು.

ಕಾರು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ, ಆದರೆ ಒಂದು ಬಾಗಿಲಿಗೆ ಬಣ್ಣ ಹಾಕುವ ಕೂಲಿ ಇಳಿಯುವುದಿಲ್ಲ. ಆದ್ದರಿಂದ ಹತ್ತು ವರ್ಷ ದಾಟಿದ ಕಾರಿಗೆ ಸಂಪೂರ್ಣ ಬಣ್ಣ ಹಾಕಿಸಿದ ಖರ್ಚು ಮಾರಾಟದಲ್ಲಿ ಮರಳುವುದು ಅಪರೂಪ. ಹೊಸದಾಗಿ ಬಣ್ಣ ಹಾಕಿದ ಹಳೆಯ ಕಾರು ಖರೀದಿದಾರರಲ್ಲಿ ಅಪಘಾತವನ್ನು ಮುಚ್ಚಿಟ್ಟಿರುವ ಸಂಶಯವನ್ನೂ ಹುಟ್ಟಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಒಳಗೆ ಹೊರಗೆ ತೊಳೆಸಿ, ಪಾಲಿಶ್ ಮಾಡಿಸಿ, ಹೆಡ್‌ಲೈಟ್ ತಿಳಿಗೊಳಿಸುವಂತಹ ಅಲ್ಪ ವೆಚ್ಚದ ಕೆಲಸಗಳು ಸಾಮಾನ್ಯವಾಗಿ ಖರ್ಚಿಗಿಂತ ಹೆಚ್ಚಿನ ಪ್ರಯೋಜನ ನೀಡುತ್ತವೆ.

ಕಾರನ್ನು ಇನ್ನೂ ಹಲವು ವರ್ಷ ಇಟ್ಟುಕೊಳ್ಳುವವರ ಲೆಕ್ಕ ಬೇರೆ. ಅವರಿಗೆ ಮರುಮಾರಾಟದ ಬೆಲೆಗಿಂತ ತುಕ್ಕು ತಡೆಯುವುದು ಮುಖ್ಯ. ಖರೀದಿಸುವವರಿಗಂತೂ ಹೊರಮೈ ಹಾನಿಯು ಚೌಕಾಶಿಗೆ ದೊರೆಯುವ ಅವಕಾಶ. ಎಂಜಿನ್, ಗೇರ್‌ಬಾಕ್ಸ್ ಮತ್ತು ಚೌಕಟ್ಟು ಸರಿಯಿದ್ದು ಬಾಗಿಲು ಮಾತ್ರ ನೆಗ್ಗಿದ ಕಾರು, ಹೊರಗೆ ಹೊಳೆಯುತ್ತಾ ಒಳಗೆ ಸವೆದ ಕಾರಿಗಿಂತ ಉತ್ತಮ ಖರೀದಿಯಾಗಬಲ್ಲದು. ಹಾವೇರಿ ಜಿಲ್ಲೆಯವರಿಗೆ ಉತ್ತರದಲ್ಲಿ ಹುಬ್ಬಳ್ಳಿ, ದಕ್ಷಿಣದಲ್ಲಿ ದಾವಣಗೆರೆ ನಗರಗಳು ಹೆದ್ದಾರಿಯಲ್ಲೇ ಇರುವುದರಿಂದ, ಸ್ಥಳೀಯ ಗ್ಯಾರೇಜ್ ಹಾಗೂ ನಗರದ ಸೇವಾಕೇಂದ್ರಗಳೆರಡರಿಂದಲೂ ಲಿಖಿತ ಅಂದಾಜು ಪಡೆದು ಹೋಲಿಸಬಹುದು. ಅಂದಾಜಿನಲ್ಲಿ ಬಿಡಿಭಾಗ, ಕೂಲಿ ಮತ್ತು ಬಣ್ಣದ ಮೊತ್ತಗಳು ಪ್ರತ್ಯೇಕವಾಗಿರುವುದು ಅಗತ್ಯ.

ವಿಮೆಯ ಪಾತ್ರ

ಮೋಟಾರು ವಾಹನ ಕಾಯ್ದೆ 1988ರ 146ನೇ ಕಲಂ ಪ್ರಕಾರ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಆದರೆ ಅದು ಸ್ವಂತ ಕಾರಿನ ಹಾನಿಗೆ ಪರಿಹಾರ ನೀಡುವುದಿಲ್ಲ. ಅಪಘಾತ, ಬೆಂಕಿ, ಕಳವು, ನೆರೆ, ಗಲಭೆ ಮತ್ತು ದುರುದ್ದೇಶದ ಕೃತ್ಯಗಳಿಂದಾಗುವ ಹಾನಿಗೆ ಸ್ವಂತ ಹಾನಿಯ ವಿಮೆ ಇರಬೇಕು. 2024ರ ಮಾರ್ಚ್ 11ರಂದು ಬೆಲೆ ಕುಸಿತದಿಂದ ಕೆರಳಿದ ಮೆಣಸಿನಕಾಯಿ ಬೆಳೆಗಾರರ ಪ್ರತಿಭಟನೆ ಹಿಂಸಾರೂಪ ತಾಳಿ ಬ್ಯಾಡಗಿಯ ಮಾರುಕಟ್ಟೆ ಸಮಿತಿ ಕಚೇರಿಯ ಬಳಿ ವಾಹನಗಳಿಗೆ ಬೆಂಕಿ ಹಚ್ಚಲಾಯಿತು. ಇಂತಹ ಸಂದರ್ಭದಲ್ಲಿ ಈ ಎರಡು ವಿಮೆಗಳ ವ್ಯತ್ಯಾಸವು ನಿರ್ಣಾಯಕವಾಗುತ್ತದೆ.

ಪರಿಹಾರವು ಪೂರ್ಣ ಬಿಲ್ಲಿಗೆ ಸಮನಾಗಿರುವುದಿಲ್ಲ. 2002ರ ಭಾರತೀಯ ಮೋಟಾರು ದರಪಟ್ಟಿಯ ಕ್ರಮದಂತೆ ಪ್ಲಾಸ್ಟಿಕ್ ಹಾಗೂ ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50 ಸವಕಳಿ ಕಳೆಯಲಾಗುತ್ತದೆ. ಗಾಜಿಗೆ ಸವಕಳಿಯಿಲ್ಲ. ಬಣ್ಣದ ಒಟ್ಟು ಬಿಲ್ಲಿನ ಶೇ. 25 ಭಾಗವನ್ನು ಸಾಮಗ್ರಿಯ ಬೆಲೆಯೆಂದು ಪರಿಗಣಿಸಿ ಅದರ ಅರ್ಧವನ್ನು ಕಳೆಯಲಾಗುತ್ತದೆ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ 1,000 ರೂಪಾಯಿ ಕಡ್ಡಾಯ ಕಡಿತವಿದೆ. ಹೀಗಾಗಿ 4,000 ರೂಪಾಯಿಯ ಬಂಪರ್, 12,000 ರೂಪಾಯಿಯ ಬಣ್ಣ ಮತ್ತು 3,000 ರೂಪಾಯಿಯ ಕೂಲಿ ಸೇರಿ 19,000 ರೂಪಾಯಿ ಬಿಲ್ಲಾದರೆ 2,000, 1,500 ಮತ್ತು 1,000 ರೂಪಾಯಿಗಳು ಕಡಿತವಾಗಿ 14,500 ರೂಪಾಯಿ ದೊರೆಯುತ್ತದೆ.

ಕ್ಲೇಮ್ ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ಕ್ರಮವಾಗಿ ಶೇ. 20, 25, 35, 45 ಮತ್ತು 50 ರಿಯಾಯಿತಿ ದೊರೆಯುತ್ತದೆ. ಇದನ್ನು ನೋ ಕ್ಲೇಮ್ ಬೋನಸ್ ಎನ್ನಲಾಗುತ್ತದೆ. ಇದನ್ನು ರಕ್ಷಿಸುವ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಒಂದು ಕ್ಲೇಮ್‌ನಿಂದ ರಿಯಾಯಿತಿ ಸೊನ್ನೆಗೆ ಇಳಿಯುತ್ತದೆ. ಶೇ. 50 ರಿಯಾಯಿತಿ ಇದ್ದವರ ಮೂಲ ಕಂತು ವರ್ಷಕ್ಕೆ 8,000 ರೂಪಾಯಿಯಲ್ಲಿ ಸ್ಥಿರವಾಗಿದ್ದರೆ, ಮುಂದಿನ ಐದು ನವೀಕರಣಗಳಲ್ಲಿ 4,000, 2,400, 2,000, 1,200 ಮತ್ತು 400 ರೂಪಾಯಿಗಳಂತೆ ಒಟ್ಟು 10,000 ರೂಪಾಯಿ ಹೆಚ್ಚುವರಿಯಾಗಿ ತೆರಬೇಕಾಗುತ್ತದೆ. ಮೇಲಿನ 14,500 ರೂಪಾಯಿಯ ಪರಿಹಾರದಲ್ಲಿ ನಿಜವಾಗಿ ಉಳಿಯುವುದು 4,500 ರೂಪಾಯಿ ಮಾತ್ರ. ಬಿಲ್ಲು ಇನ್ನೂ ಚಿಕ್ಕದಾಗಿದ್ದರೆ ಕ್ಲೇಮ್ ಮಾಡುವುದರಿಂದ ನಷ್ಟವೇ ಆಗಬಹುದು.

ದುರಸ್ತಿಯ ವೆಚ್ಚವು ವಿಮೆಯಲ್ಲಿ ಘೋಷಿತವಾದ ಕಾರಿನ ಮೌಲ್ಯದ ಶೇ. 75ನ್ನು ಮೀರಿದರೆ ಅದನ್ನು ಸಂಪೂರ್ಣ ನಷ್ಟವೆಂದು ಪರಿಗಣಿಸಲಾಗುತ್ತದೆ. ಅವಧಿ ಮುಗಿದ ವಿಮೆಯನ್ನು ನವೀಕರಿಸುವಾಗ ವಿಮಾ ಕಂಪನಿಯು ಕಾರನ್ನು ಪರಿಶೀಲಿಸುತ್ತದೆ ಮತ್ತು ಆಗಲೇ ಇದ್ದ ಹಾನಿಗೆ ಪರಿಹಾರ ನೀಡುವುದಿಲ್ಲ. ನೋ ಕ್ಲೇಮ್ ಬೋನಸ್ ಮಾಲೀಕನಿಗೆ ಸೇರಿದ್ದಾಗಿದ್ದು, ಕಾರಿನೊಂದಿಗೆ ಖರೀದಿದಾರನಿಗೆ ವರ್ಗವಾಗುವುದಿಲ್ಲ. ಮಾರಾಟಗಾರನ ಹಳೆಯ ಪಾಲಿಸಿಯಲ್ಲಿ ಈ ರಿಯಾಯಿತಿ ಇದ್ದಕ್ಕಿದ್ದಂತೆ ಸೊನ್ನೆಯಾಗಿರುವುದು ಹಿಂದಿನ ವರ್ಷದ ಅಪಘಾತದ ಸುಳಿವಾಗಿರಬಹುದು.

ಕಾನೂನಿನ ಅಂಶಗಳು

ಕಾರಿನ ಬಣ್ಣವು ನೋಂದಣಿ ಪ್ರಮಾಣಪತ್ರದಲ್ಲಿ ದಾಖಲಾಗಿರುತ್ತದೆ. ಅದೇ ಬಣ್ಣವನ್ನು ಮತ್ತೆ ಹಾಕಿಸಲು ಅನುಮತಿ ಬೇಕಿಲ್ಲ. ಬೇರೆ ಬಣ್ಣಕ್ಕೆ ಬದಲಿಸಿದರೆ ನೋಂದಣಿ ಪ್ರಾಧಿಕಾರದಲ್ಲಿ ದಾಖಲಿಸಬೇಕು. ಮಾರಾಟವಾದಾಗ ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30ನ್ನು ಸಲ್ಲಿಸಲಾಗುತ್ತದೆ. ವಿಮೆಯನ್ನು ತನ್ನ ಹೆಸರಿಗೆ ಬದಲಿಸಿಕೊಳ್ಳಲು ಖರೀದಿದಾರನು 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಬಳಸಿದ ಕಾರುಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವ್ಯಾಪಾರಿಯು ದೊಡ್ಡ ಹಾನಿಯನ್ನು ಮರೆಮಾಚಿ ಮಾರಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಲು ಅವಕಾಶವಿದೆ. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡಾಗ ಈ ಮಾರ್ಗ ಸಾಮಾನ್ಯವಾಗಿ ಲಭ್ಯವಿರದ ಕಾರಣ, ಖರೀದಿಗೆ ಮುಂಚಿನ ಪರೀಕ್ಷೆಯೇ ಮುಖ್ಯ ರಕ್ಷಣೆಯಾಗುತ್ತದೆ.

ಹದಿನೈದು ವರ್ಷದ ಸಮೀಪವಿರುವ ಕಾರುಗಳು

ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಆ ಬಳಿಕ ವಾಹನವು ಪರಿಶೀಲನೆಯಲ್ಲಿ ಯೋಗ್ಯವೆಂದು ಕಂಡುಬಂದರೆ ಐದು ವರ್ಷಗಳಿಗೆ ನವೀಕರಿಸಲಾಗುತ್ತದೆ. ನವೀಕರಣದ ಶುಲ್ಕವು 2022ರ ಏಪ್ರಿಲ್ 1ರಿಂದ ಗಣನೀಯವಾಗಿ ಏರಿದೆ. ಆದ್ದರಿಂದ 13 ಅಥವಾ 14 ವರ್ಷದ ಕಾರಿಗೆ ದೊಡ್ಡ ಮೊತ್ತದ ಬಣ್ಣದ ಕೆಲಸ ಮಾಡಿಸುವ ಮುನ್ನ ಅಡಿಭಾಗದ ತುಕ್ಕು, ಹೊಗೆಯ ಪ್ರಮಾಣ, ಬ್ರೇಕ್ ಮತ್ತು ಸ್ಟಿಯರಿಂಗ್‌ಗಳ ಸ್ಥಿತಿಯನ್ನು ತಪಾಸಣೆ ಮಾಡಿಸಲಾಗುತ್ತದೆ. ಇವು ಸರಿಯಿದ್ದು ನವೀಕರಣ ದೊರೆಯುವಂತಿದ್ದರೆ ಲೋಹ ಕಾಣುವ ಭಾಗಗಳಿಗಷ್ಟೇ ಬಣ್ಣ ಹಾಕಿಸಿ ಬಳಕೆ ಮುಂದುವರಿಸುವುದು ಮಿತವ್ಯಯಕರ. ಚೌಕಟ್ಟಿಗೇ ತುಕ್ಕು ತಗುಲಿದ್ದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಬಹುದು. ಅಲ್ಲಿ ದೊರೆಯುವ ಠೇವಣಿ ಪ್ರಮಾಣಪತ್ರವನ್ನು ತೋರಿಸಿದರೆ ಹೊಸ ವಾಹನದ ನೋಂದಣಿ ಶುಲ್ಕದಲ್ಲಿ ವಿನಾಯಿತಿ ಸಿಗುತ್ತದೆ.