ಸಂಧಿವಾತಕ್ಕೆ ಸ್ಟೀರಾಯ್ಡ್: ಯಾವ ಪ್ರಮಾಣ, ಎಷ್ಟು ದಿನ, ಬದಲಿಗೆ ಏನು?

ಸಿಂದಗಿ, ಇಂಡಿ ಭಾಗದಲ್ಲಿ ‘ಕೀಲುಬ್ಯಾನಿ’ ಎಂಬ ಒಂದೇ ಮಾತಿನೊಳಗೆ ಹಲವು ಕಾಯಿಲೆಗಳು ಅಡಗಿವೆ. ವಯಸ್ಸಾದಂತೆ ಮೊಣಕಾಲಿನ ಮೃದ್ವಸ್ಥಿ ಸವೆದು ಬರುವ ನೋವು, ಯೂರಿಕ್ ಆಮ್ಲದಿಂದ ಬರುವ ಗೌಟ್, ಚಿಕುನ್‌ಗುನ್ಯಾ ಜ್ವರ ಇಳಿದ ಮೇಲೂ ಉಳಿಯುವ ಬಾವು, ರುಮಟಾಯ್ಡ್ ಸಂಧಿವಾತ ಇವೆಲ್ಲಕ್ಕೂ ಅದೇ ಹೆಸರು. ಹೆಸರು ಒಂದೇ ಆದುದರಿಂದ ಮದ್ದೂ ಒಂದೇ ಎಂಬ ಭಾವನೆ ಜನರಲ್ಲಿದೆ. ಒಂದು ಸೂಜಿ, ಒಂದು ಪೊಟ್ಟಣ ಗುಳಿಗೆ, ಮರುದಿನ ನೋವು ಮಾಯ. ಇಷ್ಟು ಬೇಗ ಮಾಯವಾದ ನೋವಿನ ಹಿಂದೆ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ರೋಗಿಗೆ ಅದರ ಹೆಸರು ತಿಳಿದಿರುವುದಿಲ್ಲ ಎಂಬುದೇ ಇಲ್ಲಿನ ಮೊದಲ ಸಮಸ್ಯೆ.

ಈ ಲೇಖನ ಮುಖ್ಯವಾಗಿ ರುಮಟಾಯ್ಡ್ ಸಂಧಿವಾತವನ್ನು ಕುರಿತದ್ದು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಎರಗಿ ಉರಿಯೂತ ಉಂಟುಮಾಡುವುದು ಈ ರೋಗದ ಸ್ವರೂಪ. ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ ಇದು ಕಾಣಿಸುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೆರಳಿನ ಗೆಣ್ಣು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಎರಡೂ ಬದಿಯಲ್ಲಿ ಊದಿಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಕೈ ಮಡಚಲು ಬಾರದಂತಹ ಬಿಗಿತ ಅರ್ಧ ಗಂಟೆಯಿಂದ ಒಂದು ಗಂಟೆಗೂ ಮೀರಿ ಇರುತ್ತದೆ. ಸವೆತದ ನೋವು ದುಡಿದಂತೆ ಹೆಚ್ಚುತ್ತದೆ, ಉರಿಯೂತದ ನೋವು ವಿಶ್ರಾಂತಿಯ ನಂತರ ಹೆಚ್ಚುತ್ತದೆ. ನಸುಕಿನಲ್ಲಿ ಜೋಳದ ರೊಟ್ಟಿ ಬಡಿಯಲು ಕೈ ಏಳದ ಗೃಹಿಣಿ ಮಧ್ಯಾಹ್ನದ ಹೊತ್ತಿಗೆ ಸರಾಗವಾಗಿ ಕೆಲಸ ಮಾಡುತ್ತಿದ್ದರೆ, ಅದನ್ನು ಸೋಮಾರಿತನವೆಂದೋ ನಟನೆಯೆಂದೋ ಭಾವಿಸದೆ ವೈದ್ಯರಿಗೆ ತೋರಿಸುವುದು ಮನೆಯವರ ಕರ್ತವ್ಯ.

ಚಿಕುನ್‌ಗುನ್ಯಾ ಬಿಟ್ಟುಹೋದ ಗೊಂದಲ

2005ರ ಕೊನೆಯಲ್ಲಿ ಆರಂಭವಾಗಿ 2006ರಲ್ಲಿ ಉಲ್ಬಣಿಸಿದ ಚಿಕುನ್‌ಗುನ್ಯಾವನ್ನು ಉತ್ತರ ಕರ್ನಾಟಕದ ಜನ ಮರೆತಿಲ್ಲ. ಆ ಒಂದು ವರ್ಷದಲ್ಲಿ ರಾಜ್ಯದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ವಾರದಲ್ಲಿ ಇಳಿದರೂ ಕೆಲವರಲ್ಲಿ ಕೀಲುಬಾವು ತಿಂಗಳುಗಟ್ಟಲೆ, ಇನ್ನು ಕೆಲವರಲ್ಲಿ ವರ್ಷಗಟ್ಟಲೆ ಉಳಿಯಿತು. ಈ ಬಾವು ಹೊರನೋಟಕ್ಕೆ ರುಮಟಾಯ್ಡ್ ಸಂಧಿವಾತವನ್ನೇ ಹೋಲುತ್ತದೆ. ಎರಡನ್ನೂ ಬೇರ್ಪಡಿಸಲು ರೋಗದ ಇತಿಹಾಸದ ಜೊತೆಗೆ ರಕ್ತಪರೀಕ್ಷೆ ಬೇಕು. ಇಎಸ್‌ಆರ್ ಮತ್ತು ಸಿಆರ್‌ಪಿ ಉರಿಯೂತದ ಮಟ್ಟವನ್ನಷ್ಟೇ ಹೇಳುತ್ತವೆ. ಆರ್‌ಎ ಫ್ಯಾಕ್ಟರ್ ಮತ್ತು ಆ್ಯಂಟಿ ಸಿಸಿಪಿ ಪರೀಕ್ಷೆಗಳು ರೋಗದ ಗುರುತಿಗೆ ಹತ್ತಿರವಾದವು. ಆದರೆ ಆರ್‌ಎ ಫ್ಯಾಕ್ಟರ್ ಇಲ್ಲದೆಯೂ ರೋಗವಿರಬಹುದು, ಇದ್ದೂ ರೋಗವಿಲ್ಲದಿರಬಹುದು. ಪ್ರಯೋಗಾಲಯದ ಒಂದು ಚೀಟಿಯನ್ನು ನೋಡಿ ಜೀವನಪೂರ್ತಿ ಔಷಧ ಆರಂಭಿಸುವುದು ತರವಲ್ಲ.

ಸ್ಟೀರಾಯ್ಡ್ ಬಂದ ಬಗೆ

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಗೆ ಕಾರ್ಟಿಸೋನ್ ನೀಡಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಎರಡೇ ವರ್ಷಗಳಲ್ಲಿ, 1950ರಲ್ಲಿ, ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅಷ್ಟರಲ್ಲಾಗಲೇ ಈ ಪವಾಡದ ಇನ್ನೊಂದು ಮುಖವೂ ಗೋಚರಿಸತೊಡಗಿತ್ತು. ಔಷಧ ನಿಲ್ಲಿಸಿದೊಡನೆ ರೋಗ ಮರಳುತ್ತಿತ್ತು. ಮುಂದುವರಿಸಿದರೆ ಮುಖ ಊದಿಕೊಳ್ಳುತ್ತಿತ್ತು, ಇತರ ತೊಂದರೆಗಳು ತಲೆದೋರುತ್ತಿದ್ದವು. ಮುಕ್ಕಾಲು ಶತಮಾನ ಕಳೆದರೂ ಈ ಲೆಕ್ಕಾಚಾರ ಮೂಲತಃ ಬದಲಾಗಿಲ್ಲ.

ದೀರ್ಘಕಾಲ, ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದಾಗ ಸ್ಟೀರಾಯ್ಡ್ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡವನ್ನು ಏರಿಸುತ್ತದೆ, ಕಣ್ಣಿನಲ್ಲಿ ಪೊರೆ ತರುತ್ತದೆ, ಚರ್ಮ ತೆಳುವಾಗಿಸುತ್ತದೆ, ಅಡಗಿ ಕುಳಿತ ಕ್ಷಯವನ್ನು ಎಬ್ಬಿಸಬಲ್ಲದು. ಮೂಳೆಯ ಸಾಂದ್ರತೆ ಕುಸಿಯುವುದು ಮೊದಲ ಮೂರರಿಂದ ಆರು ತಿಂಗಳಲ್ಲೇ ಹೆಚ್ಚು. ಸೊಂಟದ ಕೀಲಿನ ಮೂಳೆಗೆ ರಕ್ತಸಂಚಾರ ನಿಂತು ಅದು ಕುಸಿಯುವುದೂ ಉಂಟು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಕಪ್ಪು ಶಿಲೀಂಧ್ರ ಕಾಯಿಲೆ ರಾಜ್ಯವನ್ನು ಕಾಡಿದಾಗ, ನಿಯಂತ್ರಣ ತಪ್ಪಿದ ಮಧುಮೇಹದ ಜೊತೆಗೆ ಮಿತಿಮೀರಿದ ಸ್ಟೀರಾಯ್ಡ್ ಬಳಕೆಯನ್ನೂ ತಜ್ಞರು ಕಾರಣವಾಗಿ ಎತ್ತಿ ತೋರಿದರು. ಅದೇ ಕೋವಿಡ್‌ನಲ್ಲಿ ಆಮ್ಲಜನಕ ಬೇಕಾದ ರೋಗಿಗಳ ಪ್ರಾಣವನ್ನು ಡೆಕ್ಸಾಮೆಥಾಸೋನ್ ಉಳಿಸಿತೆಂಬುದೂ ಅಷ್ಟೇ ಸತ್ಯ. ಆದ್ದರಿಂದ ‘ಸ್ಟೀರಾಯ್ಡ್ ವಿಷ’ ಎನ್ನುವವರ ಮಾತೂ ಒಪ್ಪತಕ್ಕದ್ದಲ್ಲ.

ಸೇತುವೆಯಾಗಿ ಮಾತ್ರ

ಇಂದಿನ ಚಿಕಿತ್ಸೆಯಲ್ಲಿ ಸ್ಟೀರಾಯ್ಡಿನ ಪಾತ್ರ ಸೇತುವೆಯದು. ರೋಗವನ್ನು ಬುಡದಲ್ಲಿ ಹತೋಟಿಗೆ ತರುವ ಔಷಧಗಳು ಕೆಲಸ ಆರಂಭಿಸಲು ಆರರಿಂದ ಹನ್ನೆರಡು ವಾರ ಬೇಕು. ಆ ಅವಧಿಯಲ್ಲಿ ರೋಗಿ ದುಡಿಯಬೇಕು, ನಿದ್ರಿಸಬೇಕು. ಅದಕ್ಕಾಗಿ ಪ್ರೆಡ್ನಿಸೊಲೋನನ್ನು ಕೆಲವು ವಾರ ಕೊಟ್ಟು, ಕ್ರಮವಾಗಿ ಇಳಿಸಿ ನಿಲ್ಲಿಸುತ್ತಾರೆ. ಇಷ್ಟನ್ನೂ ತಜ್ಞರೆಲ್ಲರೂ ಒಪ್ಪುವುದಿಲ್ಲ. 2021ರ ಅಮೆರಿಕದ ಮಾರ್ಗಸೂಚಿ ಸಾಧ್ಯವಾದರೆ ಸ್ಟೀರಾಯ್ಡ್ ಇಲ್ಲದೆಯೇ ಆರಂಭಿಸಿ ಎನ್ನುತ್ತದೆ. 2022ರ ಯುರೋಪಿನ ಮಾರ್ಗಸೂಚಿ ಅಲ್ಪಾವಧಿಗೆ ಕೊಡಬಹುದು, ಆದರೆ ಬೇಗ ನಿಲ್ಲಿಸಿ ಎನ್ನುತ್ತದೆ. 2022ರಲ್ಲಿ ಪ್ರಕಟವಾದ ‘ಗ್ಲೋರಿಯಾ’ ಅಧ್ಯಯನದಲ್ಲಿ 65 ವರ್ಷ ಮೀರಿದ 451 ರೋಗಿಗಳ ಪೈಕಿ ಒಂದು ಗುಂಪಿಗೆ ಎರಡು ವರ್ಷ ದಿನಕ್ಕೆ 5 ಮಿ.ಗ್ರಾಂ ಪ್ರೆಡ್ನಿಸೊಲೋನ್ ಕೊಡಲಾಯಿತು. ಅವರಲ್ಲಿ ನೋವು ಮತ್ತು ಕೀಲುಹಾನಿ ಕಡಿಮೆಯಾದವು, ಅಡ್ಡಪರಿಣಾಮಗಳು ಹೆಚ್ಚಿದವು. ಅವುಗಳಲ್ಲಿ ಬಹುಪಾಲು ಗಂಭೀರವಲ್ಲದ ಸೋಂಕುಗಳು. ಬೇರೆ ಔಷಧ ಒಗ್ಗದ ಹಿರಿಯರಿಗೆ ಇದು ನಷ್ಟದ ವ್ಯವಹಾರವಲ್ಲವೆಂದು ತೋರುತ್ತದೆ. ಮಧುಮೇಹವಿರುವವರ ಲೆಕ್ಕ ಬೇರೆ.

ಪ್ರಮಾಣದ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಸ್ಟೀರಾಯ್ಡುಗಳೆಲ್ಲ ಸಮಬಲದವಲ್ಲ. 0.75 ಮಿ.ಗ್ರಾಂ ಡೆಕ್ಸಾಮೆಥಾಸೋನ್ 5 ಮಿ.ಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಅಂದರೆ 4 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಪಡೆದವರ ಮೈಸೇರುವುದು ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ 25 ಮಿ.ಗ್ರಾಂ ಮೀರಿದ ಪ್ರಮಾಣ. ವಾರಕ್ಕೊಮ್ಮೆ ಸಂತೆಗೆ ಬಂದಾಗ ಸೂಜಿ ಮಾಡಿಸಿಕೊಂಡು ಹೋಗುವವರು ಇದನ್ನು ಗಮನಿಸಬೇಕು. ಚೀಟಿಯಲ್ಲಿ ಪ್ರೆಡ್ನಿಸೊಲೋನ್, ಮಿಥೈಲ್ ಪ್ರೆಡ್ನಿಸೊಲೋನ್, ಡೆಫ್ಲಾಜಾಕಾರ್ಟ್, ಬೆಟಾಮೆಥಾಸೋನ್, ಡೆಕ್ಸಾಮೆಥಾಸೋನ್, ಟ್ರಯಾಮ್ಸಿನೊಲೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್. ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಪೊಟ್ಟಣ ಎಷ್ಟೇ ಗುಣ ಕೊಟ್ಟರೂ ಸೇವಿಸಬಾರದು. ‘ಗಿಡಮೂಲಿಕೆ’ ಎಂದು ಮಾರುವ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ.

ಒಂದೆರಡು ಕೀಲು ಮಾತ್ರ ಊದಿದ್ದರೆ ಆ ಕೀಲಿನೊಳಕ್ಕೇ ಚುಚ್ಚುಮದ್ದು ನೀಡುವುದು ಬೇರೆ ವಿಧಾನ. ಇಡೀ ದೇಹಕ್ಕೆ ತಗಲುವ ಔಷಧ ಇದರಲ್ಲಿ ಕಡಿಮೆ. ಒಂದೇ ಕೀಲಿಗೆ ವರ್ಷಕ್ಕೆ ಮೂರು ನಾಲ್ಕು ಬಾರಿಗಿಂತ ಹೆಚ್ಚು ಸಲ್ಲದು.

ಬದಲಿ ಮಾರ್ಗಗಳು

ಮೊದಲ ಸ್ಥಾನ ಮೆಥೊಟ್ರೆಕ್ಸೇಟ್‌ಗೆ. ಇದನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು. ದಿನಾಲೂ ನುಂಗಿ ಪ್ರಾಣ ಕಳೆದುಕೊಂಡ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಸಾಕಷ್ಟಿವೆ. ‘ಸೋಮವಾರ’ ಎಂದು ಗುಳಿಗೆಪಟ್ಟಿಯ ಮೇಲೆ ಕನ್ನಡದಲ್ಲೇ ಬರೆಸಿಕೊಳ್ಳುವುದು ಒಳಿತು. ಜೊತೆಗೆ ಫೋಲಿಕ್ ಆಮ್ಲ, ಕಾಲಕಾಲಕ್ಕೆ ರಕ್ತಕಣ ಹಾಗೂ ಯಕೃತ್ತಿನ ಪರೀಕ್ಷೆ, ಮದ್ಯವರ್ಜನೆ ಅಗತ್ಯ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಇದನ್ನು ಸೇವಿಸಬಾರದು. ಅವರಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಮತ್ತು ಸಲ್ಫಾಸಲಜಿನ್ ಸೂಕ್ತ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್‌ನ ನಿಜವಾದ ಬಳಕೆ ಇದೇ. ದೀರ್ಘಕಾಲ ಸೇವಿಸುವವರು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಮೆಥೊಟ್ರೆಕ್ಸೇಟ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್ ಎರಡೂ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ, ದುಬಾರಿಯಲ್ಲ.

ಇವು ಫಲಿಸದಿದ್ದರೆ ಅಡಾಲಿಮುಮ್ಯಾಬ್‌ನಂತಹ ಜೈವಿಕ ಔಷಧಗಳು, ಟೊಫಾಸಿಟಿನಿಬ್ ಗುಳಿಗೆ ಇವೆ. ಜೈವಿಕ ಔಷಧದ ಖರ್ಚು ಮಧ್ಯಮ ವರ್ಗಕ್ಕೂ ಭಾರ. ಇವುಗಳನ್ನು ಆರಂಭಿಸುವ ಮುನ್ನ ಕ್ಷಯದ ಪರೀಕ್ಷೆ ಕಡ್ಡಾಯ. ಟೊಫಾಸಿಟಿನಿಬ್‌ನಿಂದ ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆಯ ಅಪಾಯವಿದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಎಚ್ಚರಿಸಿತು.

ಆಯುರ್ವೇದದಲ್ಲಿ ಈ ರೋಗವನ್ನು ಆಮವಾತದೊಂದಿಗೆ ಹೋಲಿಸುತ್ತಾರೆ. ಕೊಯಮತ್ತೂರಿನಲ್ಲಿ 43 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಾಸ್ತ್ರೀಯ ಆಯುರ್ವೇದ ಚಿಕಿತ್ಸೆಯೂ ಮೆಥೊಟ್ರೆಕ್ಸೇಟೂ ಹೆಚ್ಚುಕಡಿಮೆ ಸಮಾನ ಫಲ ನೀಡಿದವು. ಇದು ಕುತೂಹಲಕರ; ಆದರೆ 43 ಜನರ ಅಧ್ಯಯನವನ್ನು ನಂಬಿ ಊದಿದ ಕೀಲನ್ನು ಪಣಕ್ಕಿಡಲಾಗದು. ಯೋಗಾಭ್ಯಾಸ, ಬಿಸಿನೀರಿನ ಶಾಖ, ಫಿಸಿಯೋಥೆರಪಿ ಔಷಧದ ಜೊತೆಗೆ ನೆರವಾಗುತ್ತವೆ, ಔಷಧದ ಬದಲಿಗಲ್ಲ. ಇನ್ನು ‘ಹುಳಿ ಬಿಡಿ’ ಎಂಬ ಪಥ್ಯ: ಲಿಂಬೆ ಬೆಳೆಯುವ ಇಂಡಿ, ಸಿಂದಗಿಯಲ್ಲೇ ಲಿಂಬೆಹಣ್ಣು ಬಿಟ್ಟವರಿದ್ದಾರೆ. ಅದಕ್ಕೆ ಆಧಾರವಿಲ್ಲ.

ಎಲ್ಲಿಗೆ ಹೋಗಬೇಕು?

ಸಂಧಿವಾತ ತಜ್ಞರು ಹೆಚ್ಚಾಗಿ ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿದ್ದಾರೆ. ಆದರೆ ರೋಗ ಗುರುತಿಸಿ ಮೆಥೊಟ್ರೆಕ್ಸೇಟ್ ಆರಂಭಿಸಲು ಎಂ.ಡಿ. ಮೆಡಿಸಿನ್ ಮಾಡಿದ ವೈದ್ಯರು ಸಮರ್ಥರು. ಸಿಂದಗಿಯಿಂದ ಸುಮಾರು 60 ಕಿ.ಮೀ. ದೂರದ ವಿಜಯಪುರದಲ್ಲಿ ಜಿಲ್ಲಾಸ್ಪತ್ರೆಯೂ ಬಿಎಲ್‌ಡಿಇ ಮತ್ತು ಅಲ್ ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ. ಮೊದಲ ಆರು ತಿಂಗಳಲ್ಲಿ ಸರಿಯಾದ ಔಷಧ ಆರಂಭವಾದರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಹೋಗುವಾಗ ಹಳೆಯ ಚೀಟಿ, ಖಾಲಿ ಗುಳಿಗೆಪಟ್ಟಿ, ಹೆಸರಿಲ್ಲದ ಪೊಟ್ಟಣವಿದ್ದರೆ ಅದನ್ನೂ ಕೊಂಡೊಯ್ಯಬೇಕು.

ಲೇಖನ ಓದಿ ಹೆದರಿ, ತಿಂಗಳುಗಳಿಂದ ಸೇವಿಸುತ್ತಿರುವ ಸ್ಟೀರಾಯ್ಡನ್ನು ಯಾರೂ ಥಟ್ಟನೆ ಬಿಡಬಾರದು. ಮೂರು ನಾಲ್ಕು ವಾರ ಮೀರಿ ಸೇವಿಸಿದವರಲ್ಲಿ ಅಡ್ರಿನಲ್ ಗ್ರಂಥಿ ತನ್ನ ಸ್ವಂತ ಉತ್ಪಾದನೆಯನ್ನು ಕುಗ್ಗಿಸಿರುತ್ತದೆ. ಒಮ್ಮೆಲೆ ನಿಲ್ಲಿಸಿದರೆ ವಾಂತಿ, ತೀವ್ರ ನಿಶ್ಶಕ್ತಿ, ರಕ್ತದೊತ್ತಡ ಕುಸಿತ ಉಂಟಾಗಿ ಜೀವಕ್ಕೆ ಅಪಾಯವಾಗಬಹುದು. ವೈದ್ಯರು ಹಾಕಿಕೊಟ್ಟ ಕ್ರಮದಂತೆ ಹಂತಹಂತವಾಗಿ ಇಳಿಸಬೇಕು. ನಿಲ್ಲಿಸಿದ ನಂತರವೂ ಕೆಲವು ತಿಂಗಳು, ಶಸ್ತ್ರಚಿಕಿತ್ಸೆ, ಅಪಘಾತ ಅಥವಾ ತೀವ್ರ ಜ್ವರದ ಸಂದರ್ಭದಲ್ಲಿ ‘ಸ್ಟೀರಾಯ್ಡ್ ಸೇವಿಸುತ್ತಿದ್ದೆ’ ಎಂದು ಚಿಕಿತ್ಸೆ ನೀಡುವವರಿಗೆ ಮೊದಲೇ ತಿಳಿಸತಕ್ಕದ್ದು.