ಮೇಷ್ಟ್ರು ಮಾಡಿದ್ದು ಸರಿಯೇ? ಐವತ್ತು ದಾಟಿದ ‘ನಾಗರಹಾವು’

ಚಲನಚಿತ್ರದ ಆಯುಸ್ಸು ಸಾಮಾನ್ಯವಾಗಿ ಚಿಕ್ಕದು. ಈ ಶುಕ್ರವಾರ ತೆರೆಕಂಡದ್ದು ಮುಂದಿನ ಶುಕ್ರವಾರಕ್ಕೆ ಉಳಿದೀತೆಂಬ ಭರವಸೆಯಿಲ್ಲ. ಆದರೆ ಕೆಲವೇ ಕೆಲವು ಚಿತ್ರಗಳನ್ನು ಜನ ಅರ್ಧ ಶತಮಾನ ಕಳೆದರೂ ಕೈಬಿಡುವುದಿಲ್ಲ. ಕಥೆ ಗೊತ್ತು, ಕೊನೆ ಗೊತ್ತು, ಮುಂದಿನ ಮಾತೂ ಬಾಯಿಪಾಠ. ಆದರೂ ಮತ್ತೆ ನೋಡುತ್ತಾರೆ. ಈ ಪ್ರೀತಿಯ ಗುಟ್ಟೇನು?

ಹಾಲಿವುಡ್‌ನಲ್ಲಿ ಇದಕ್ಕೆ ಕೊಡುವ ಮೊದಲ ಉದಾಹರಣೆಗಳಲ್ಲಿ 1975ರ ‘ಜಾಸ್’ ಒಂದು. ಪೀಟರ್ ಬೆಂಚ್ಲಿಯ ಕಾದಂಬರಿಯನ್ನು ಆಧರಿಸಿ ಸ್ಟೀವನ್ ಸ್ಪಿಲ್‌ಬರ್ಗ್ ಮಾಡಿದ ಈ ಚಿತ್ರದಲ್ಲಿ ನರಭಕ್ಷಕ ಶಾರ್ಕ್ ಮೀನೊಂದು ಕಡಲತೀರದ ಊರನ್ನು ಕಾಡುತ್ತದೆ. ಚಿತ್ರೀಕರಣಕ್ಕೆಂದು ತಯಾರಿಸಿದ ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟುನಿಂತಿತು. ನಿರ್ದೇಶಕರು ಮೀನನ್ನು ಬಹಳ ಹೊತ್ತು ತೋರಿಸದೆಯೇ ಭಯ ಹುಟ್ಟಿಸಬೇಕಾಯಿತು. ಆದರೆ ಚಿತ್ರವನ್ನು ಉಳಿಸಿದ್ದು ಬರೀ ಭಯವಲ್ಲ. ವ್ಯಾಪಾರ ಕೆಟ್ಟೀತೆಂದು ಅಪಾಯವನ್ನು ಮುಚ್ಚಿಡುವ ಊರಿನ ದೊಡ್ಡವರ ಕಥೆಯೂ ಅದರಲ್ಲಿದೆ. ಅದು ಯಾವ ಊರಿಗೂ ಹಳೆಯದಾಗುವ ಕಥೆಯಲ್ಲ. 2025ರಲ್ಲಿ ಐವತ್ತು ತುಂಬಿದಾಗ ಚಿತ್ರ ಮತ್ತೆ ಚಿತ್ರಮಂದಿರಕ್ಕೆ ಬಂತು. ಅದನ್ನು ಚಿತ್ರಿಸಿದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ ಇಂದಿಗೂ ಅಭಿಮಾನಿಗಳು ಯಾತ್ರೆ ಹೋಗುತ್ತಾರೆ.

ನಮ್ಮ ಕಡೆಯವರ ಅಂಥ ಯಾತ್ರಾಸ್ಥಳ ದೂರವೇನಿಲ್ಲ. ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಬಂದು ಪಿ.ಬಿ. ರಸ್ತೆ ಹಿಡಿದರೆ ರಾಣೆಬೆನ್ನೂರು, ಹರಿಹರ, ದಾವಣಗೆರೆ ದಾಟಿದ ಮೇಲೆ ಸಿಗುವುದೇ ಚಿತ್ರದುರ್ಗ. ಕೋಟೆ ಹತ್ತುವವರು ಪಾಳೆಯಗಾರರ ಚರಿತ್ರೆಯ ಜೊತೆಗೇ ರಾಮಾಚಾರಿ ಓಡಾಡಿದ ಬಂಡೆಗಳನ್ನೂ ಹುಡುಕುತ್ತಾರೆ. ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತರೆ ಅನೇಕರ ಕಣ್ಣಿಗೆ ಕಟ್ಟುವ ಮುಖ ನಟಿ ಜಯಂತಿಯವರದು. ಇದು ‘ನಾಗರಹಾವು’ ಚಿತ್ರದ ಪ್ರಭಾವ.

ಎನ್. ವೀರಾಸ್ವಾಮಿ ನಿರ್ಮಿಸಿ, ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರ ತೆರೆಕಂಡದ್ದು 1972ರ ಡಿಸೆಂಬರ್ ಕೊನೆಯಲ್ಲಿ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಹೆಣೆದ ಕಥೆಯಿದು. ಸಂಪತ್‌ಕುಮಾರ್ ಎಂಬ ತರುಣ ಇದರಿಂದ ನಾಯಕ ವಿಷ್ಣುವರ್ಧನ್ ಆದರು. ಜಲೀಲನ ಸಣ್ಣ ಪಾತ್ರದಲ್ಲಿ ಅಂಬರೀಶ್ ಚಿತ್ರರಂಗಕ್ಕೆ ಕಾಲಿಟ್ಟರು. ಆರತಿ ಅಲಮೇಲು, ಶುಭಾ ಮಾರ್ಗರೆಟ್. ಸಂಗೀತ ವಿಜಯಭಾಸ್ಕರ್ ಅವರದು. ಸ್ವತಃ ತ.ರಾ.ಸು. ಅವರಿಗೆ ಮಾತ್ರ ಚಿತ್ರ ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರೆಂದು ಅವರು ಟೀಕಿಸಿದ್ದು ಪ್ರಸಿದ್ಧ. ಜನ ಆ ಟೀಕೆಯನ್ನೂ ನೆನಪಿಟ್ಟುಕೊಂಡರು, ಚಿತ್ರವನ್ನೂ ಬಿಡಲಿಲ್ಲ.

ಹೆಸರು ಹಾವಿನದಾದರೂ ಇಲ್ಲಿ ಬುಸುಗುಟ್ಟುವುದು ಮನುಷ್ಯ. ಕೆಣಕಿದರೆ ಕಚ್ಚುವ, ಪ್ರೀತಿಗೆ ಮಾತ್ರ ಹೆಡೆ ಬಾಗಿಸುವ ಹುಡುಗ ರಾಮಾಚಾರಿ. ಅವನನ್ನು ಪಳಗಿಸಬಲ್ಲ ಒಬ್ಬನೇ ಹಾವಾಡಿಗ ಚಾಮಯ್ಯ ಮೇಷ್ಟ್ರು. ಕೆ.ಎಸ್. ಅಶ್ವಥ್ ಅವರ ಈ ಪಾತ್ರವನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳದ ಹಿರಿಯರು ವಿರಳ. ಮಕ್ಕಳಿಲ್ಲದ ಮೇಷ್ಟ್ರು ಮತ್ತು ಅವರ ಪತ್ನಿ ತುಂಗಮ್ಮನಿಗೆ (ಲೀಲಾವತಿ) ರಾಮಾಚಾರಿಯೇ ಮಗ.

ಆದರೆ ಆ ಮೇಷ್ಟ್ರು ಮಾಡಿದ್ದೇನು? ಜಾತಿ ಬೇರೆ ಎಂಬ ಕಾರಣಕ್ಕೆ ಅಲಮೇಲುವನ್ನು ಬಿಟ್ಟುಕೊಡು ಎಂದು ಶಿಷ್ಯನನ್ನು ಒಪ್ಪಿಸಿದರು. ಗುರುವಿನ ಮಾತಿಗೆ ಕಟ್ಟುಬಿದ್ದು ಅವನು ಬಿಟ್ಟ. ಬೇರೆಯವನನ್ನು ಮದುವೆಯಾದ ಅಲಮೇಲು ಮುಂದೆ ಮೈಮಾರಿ ಬದುಕುವ ಸ್ಥಿತಿಗೆ ಬಂದಳು. ಅದನ್ನು ಕಣ್ಣಾರೆ ಕಂಡ ರಾಮಾಚಾರಿ ಎರಡನೆಯ ಸಲ, ಮಾರ್ಗರೆಟ್‌ಳ ವಿಷಯದಲ್ಲಿ, ಬಿಟ್ಟುಕೊಡಲು ಸಿದ್ಧನಿಲ್ಲ. ಬೆಟ್ಟದ ಮೇಲಿನ ಆ ಕೊನೆಯ ವಾದದಲ್ಲಿ ಅವನ ಕೈಯಿಂದಲೇ ಗುರು ಕೆಳಕ್ಕೆ ಬೀಳುತ್ತಾರೆ. ಪ್ರೇಮಿಗಳಿಬ್ಬರೂ ಹಿಂದೆಯೇ ಹಾರುತ್ತಾರೆ.

ಚಿತ್ರದ ದೀರ್ಘಾಯುಸ್ಸಿನ ಗುಟ್ಟು ಇಲ್ಲಿದೆ. ಇದರಲ್ಲಿ ಖಳನಾಯಕನಿಂದ ಅನಾಹುತವಾಗುವುದಿಲ್ಲ. ಊರಿಗೇ ಬೇಕಾದ ಒಳ್ಳೆಯ ಮನುಷ್ಯನಿಂದ ಆಗುತ್ತದೆ. ಮೇಷ್ಟ್ರನ್ನು ದ್ವೇಷಿಸಲು ಪ್ರೇಕ್ಷಕನಿಗೆ ಆಗುವುದಿಲ್ಲ, ಕ್ಷಮಿಸಲೂ ಆಗುವುದಿಲ್ಲ. ಹಾಗಾಗಿ ಚಿತ್ರಮಂದಿರದಿಂದ ಹೊರಬಂದವರು ಚಹಾದಂಗಡಿಯ ಮುಂದೆ ವಾದಕ್ಕೆ ನಿಲ್ಲುತ್ತಾರೆ. ಮೊದಲ ಸಲ ನೋಡುವ ಹುಡುಗ ರಾಮಾಚಾರಿಯ ಪಕ್ಷ. ಅವನೇ ಮಕ್ಕಳ ತಂದೆಯಾಗಿ ನೋಡಿದಾಗ ಮೇಷ್ಟ್ರ ಸಂಕಟವೂ ತಿಳಿಯುತ್ತದೆ. ಚಿತ್ರ ಅದೇ, ನೋಡುವವನ ವಯಸ್ಸು ಬೇರೆ.

ಅಂದು ಚಿತ್ರಗಳ ಪ್ರಯಾಣವೂ ಇದಕ್ಕೆ ನೆರವಾಯಿತು. ದೊಡ್ಡ ಊರುಗಳಲ್ಲಿ ಓಡಿದ ಪ್ರತಿ ನಂತರ ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಟೂರಿಂಗ್ ಟಾಕೀಸಿಗೆ ಬರುತ್ತಿತ್ತು. ಗೀರು ಬಿದ್ದ ರೀಲಾದರೂ ಚಿಂತೆಯಿಲ್ಲ, ವರ್ಷಗಳ ಮೇಲೆ ಮರಳಿ ಬಂದರೆ ಮತ್ತೆ ನೋಡಬಹುದಿತ್ತು. ಆಮೇಲೆ ದೂರದರ್ಶನ, ವಿಡಿಯೋ ಕ್ಯಾಸೆಟ್, ಈಗ ಮೊಬೈಲ್. ಹೀಗೆ ಚಿತ್ರ ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿದುಬಂತು. 2014ರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ಯಲ್ಲಿ ಯಶ್ ಮಾಡಿದ್ದು ವಿಷ್ಣುವರ್ಧನ್ ಅಭಿಮಾನಿಯ ಪಾತ್ರ, ನಾಯಕನ ಹೆಸರೂ ರಾಮಾಚಾರಿಯೇ. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. 2018ರ ಜುಲೈಯಲ್ಲಿ ‘ನಾಗರಹಾವು’ ಸಿನಿಮಾಸ್ಕೋಪ್ ರೂಪದಲ್ಲಿ, ಹೊಸ ಧ್ವನಿಯೊಂದಿಗೆ ಮರುಬಿಡುಗಡೆಯಾದಾಗ ಚಿತ್ರಮಂದಿರಗಳ ಮುಂದೆ ಅವರ ಕಟೌಟ್‌ಗಳು ಮತ್ತೆ ಎದ್ದವು.

ಅಭಿಮಾನವೆಂದರೆ ಶಿಳ್ಳೆ, ಹಾರ, ಹಾಲಿನ ಅಭಿಷೇಕ ಎಂದು ಮೂಗು ಮುರಿಯುವವರಿದ್ದಾರೆ. ಶಿಳ್ಳೆಯ ಸದ್ದು ಒಂದು ಆಟಕ್ಕೆ ಮುಗಿಯುತ್ತದೆ. ಐವತ್ತು ವರ್ಷ ಬಾಳುವುದು, ತೀರ್ಪಾಗದೆ ಉಳಿದ ಪ್ರಶ್ನೆ. ಮಗಳು ಮೆಚ್ಚಿದ ಹುಡುಗನ ಜಾತಿ ಕೇಳಿ ಮನೆಯ ಹಿರಿಯರು ಇಂದಿಗೂ ಮೌನವಾಗುತ್ತಾರೆ. ಒಳ್ಳೆಯದಕ್ಕೇ ಹೇಳುತ್ತಿದ್ದೇವೆ ಎಂಬ ನಂಬಿಕೆ ಅವರದೂ ಪ್ರಾಮಾಣಿಕವೇ. ಆ ಮೌನ ನಮ್ಮ ಮನೆಗಳಲ್ಲಿ ಇರುವತನಕ ಚಾಮಯ್ಯ ಮೇಷ್ಟ್ರು ದುರ್ಗದ ಬಂಡೆಗಳ ನಡುವೆ ನಿಂತೇ ಇರುತ್ತಾರೆ, ನಮ್ಮ ಉತ್ತರಕ್ಕಾಗಿ.