ವಲಂಡಿತ್ ಲೋಹಪಟ ಮತ್ತು ಬ್ರೋಮೊ ಪರ್ವತದ ಸೇವೆ: ‘ಮಜಪಹಿತ್ ನಿರಾಶ್ರಿತರು’ ಎಂಬ ವಾದದ ಮರುಪರಿಶೀಲನೆ

ಪೂರ್ವ ಜಾವಾದ ತೆಂಗ್ಗೆರ್ ಸೀಮೆಯಲ್ಲಿ, ಇಂದಿಗೂ ಹೊಗೆಯಾಡುತ್ತಿರುವ ಬ್ರೋಮೊ ಜ್ವಾಲಾಮುಖಿಯ ಸುತ್ತಣ ಹಳ್ಳಿಗಳಲ್ಲಿ ನೆಲೆಸಿರುವ ಹಿಂದೂ ಸಮುದಾಯವನ್ನು ಮಜಪಹಿತ್ ಸಾಮ್ರಾಜ್ಯ ಕುಸಿದಾಗ ಇಸ್ಲಾಮಿಗೆ ಅಂಜಿ ಬೆಟ್ಟ ಸೇರಿದವರ ಸಂತತಿಯೆಂದು ವಿವರಿಸುವ ರೂಢಿ ಎಷ್ಟು ಗಟ್ಟಿಯಾಗಿದೆಯೆಂದರೆ, ಅದಕ್ಕೆ ಆಧಾರವೇನೆಂದು ಕೇಳುವ ಗೋಜಿಗೂ ಬಹುಪಾಲು ಲೇಖಕರು ಹೋಗುವುದಿಲ್ಲ. ಈ ವಿವರಣೆಯನ್ನು ಒಪ್ಪಿದರೆ ‘ಕಸದ’ ಎಂಬ ಹಬ್ಬದ ರಾತ್ರಿ ಸಾವಿರಾರು ಜನ ಪರ್ವತದ ಸುತ್ತಣ ಮರಳುಗಡಲನ್ನು ದಾಟಿ ಜ್ವಾಲಾಮುಖಿಯ ಕುಂಡದ ಅಂಚಿಗೆ ಏರುವ ಯಾತ್ರೆಯು ಕಳೆದುಹೋದ ರಾಜ್ಯವೊಂದರ ಸ್ಮರಣೆಯಾಗಿ ಮಾತ್ರ ಉಳಿಯುತ್ತದೆ. ಆದರೆ ತೆಂಗ್ಗೆರ್‌ನ ಪೆನಂಜಕನ್ ಭಾಗದಲ್ಲಿ ದೊರೆತ, ಶಕ 1327ರ, ಎಂದರೆ ಕ್ರಿ.ಶ. 1405ರ ಲೋಹಪಟವೊಂದು ಈ ಚಿತ್ರಕ್ಕೆ ಹೊಂದಿಕೊಳ್ಳುವುದಿಲ್ಲ. ಹಾಗೆ ಹೊಂದಿಕೊಳ್ಳದ ಕಾರಣಕ್ಕೇ ಅದು ಅಡಿಟಿಪ್ಪಣಿಯ ಪಾಲಾಗಿದೆಯೆಂದು ಶಂಕಿಸಲು ಅವಕಾಶವಿದೆ.

ತಪ್ಪಿನ ಮೊದಲ ಎಳೆಯನ್ನು ಸ್ಟ್ಯಾಮ್‌ಫೋರ್ಡ್ ರಾಫಲ್ಸ್‌ನ ಜಾವಾ ಇತಿಹಾಸದಲ್ಲಿ (1817) ಕಾಣಬಹುದು. ತೆಂಗ್ಗೆರ್ ಜನರನ್ನು ಅಳಿದುಹೋದ ಧರ್ಮವೊಂದರ ಅವಶೇಷವೆಂಬಂತೆ ಆತ ಚಿತ್ರಿಸಿದನು. ಅನಂತರದ ಬರಹಗಾರರು ಆ ಅವಶೇಷಕ್ಕೆ ಪಲಾಯನದ ಕಥೆಯನ್ನು ಜೋಡಿಸಿದರು. ರಾಫಲ್ಸ್‌ನ ಪಾಲಿಗೆ ನ್ಯಾಯವಾಗಿ ಹೇಳುವುದಾದರೆ, ಅವನ ಕಾಲಕ್ಕೆ ಪ್ರಾಚೀನ ಜಾವಾ ಭಾಷೆಯ ಶಾಸನಗಳು ಓದಲು ದಕ್ಕಿರಲಿಲ್ಲ. ಮೈಸೂರು ಸೀಮೆಯ ಮೋಜಣಿ ನಡೆಸಿ ಕನ್ನಡನಾಡಿನ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ್ದ ಕಾಲಿನ್ ಮೆಕೆಂಝಿ 1811ರಲ್ಲಿ ಬ್ರಿಟಿಷ್ ದಂಡಿನೊಡನೆ ಜಾವಾಕ್ಕೆ ಹೋಗಿ ಅಲ್ಲಿಯೂ ಪ್ರಾಚ್ಯವಸ್ತುಗಳ ಶೋಧ ನಡೆಸಿದ್ದುಂಟು. ಆದರೆ ಮೈಸೂರಿನಲ್ಲಿ ಅವನ ಬೆನ್ನಿಗಿದ್ದಂಥ, ಲಿಪಿಬಲ್ಲ ಪಂಡಿತರ ಪಡೆ ಜಾವಾದಲ್ಲಿ ಇರಲಿಲ್ಲ. ಜಾವಾದಲ್ಲಿನ ಬ್ರಿಟಿಷ್ ಆಡಳಿತದ ಅವಧಿಯಲ್ಲಿ ಮಲಾಂಗ್ ಪ್ರದೇಶದ ಸಂಗ್ಗುರಾನ್ ಶಾಸನ ಗವರ್ನರ್ ಜನರಲ್ ಲಾರ್ಡ್ ಮಿಂಟೋನ ಸ್ಕಾಟ್ಲೆಂಡಿನ ಜಹಗೀರಿಗೂ ಪುಚಂಗನ್ ಶಾಸನ ಕಲ್ಕತ್ತೆಗೂ ಸಾಗಿಹೋದವು, ಓದು ಮಾತ್ರ ಹಿಂದುಳಿಯಿತು. ಓದು ಸಾಧ್ಯವಾದ ಮೇಲೂ ರಾಫಲ್ಸ್‌ನ ಚಿತ್ರವನ್ನೇ ಉಜ್ಜುತ್ತ ಕುಳಿತವರಿಗೆ ಈ ವಿನಾಯಿತಿ ಸಲ್ಲದು.

ಲೋಹಪಟದ ಸಾರ ಹೀಗಿದೆ: ವಲಂಡಿತ್ ಎಂಬ ಊರಿನ ನಿವಾಸಿಗಳು ‘ಹುಲುನ್ ಹ್ಯಾಂಗ್’, ಅಂದರೆ ದೈವದ ಸೇವಕರು, ಅವರ ನೆಲ ‘ಹಿಲ-ಹಿಲ’, ಅಂದರೆ ಪವಿತ್ರವೆಂದು ಮೀಸಲಾದುದು, ಬ್ರಹ್ಮ ಪರ್ವತದ, ಅಂದರೆ ಇಂದಿನ ಬ್ರೋಮೊವಿನ, ಆರಾಧನೆ ಅವರ ಹೊಣೆಯಾದುದರಿಂದ ‘ತಿತಿಲೆಮನ್’ ಎಂಬ ತೆರಿಗೆಯಿಂದ ಅವರಿಗೆ ಬಿಡುಗಡೆಯಿದೆ. ಶಾಸನಗಳ ಪರಿಚಯವುಳ್ಳ ಕನ್ನಡ ಓದುಗರಿಗೆ ಈ ಏರ್ಪಾಡು ಹೊಸದಾಗಿ ತೋರಲಾರದು. ದೇವಕಾರ್ಯಕ್ಕೆ ಪ್ರತಿಯಾಗಿ ನೆಲವನ್ನು ಸರ್ವಮಾನ್ಯವಾಗಿಸುವ ಕ್ರಮವೇ ಇದು. ಇಲ್ಲಿ ಸೇವೆ ಪಡೆಯುವ ದೈವವು ಗುಡಿಯೊಳಗಿನ ಮೂರ್ತಿಯಲ್ಲ, ಬೆಂಕಿಯುಗುಳುವ ಬೆಟ್ಟ ಎಂಬುದಷ್ಟೇ ವಿಶೇಷ. ಪ್ರಾಚೀನ ಜಾವಾ ಗದ್ಯಕೃತಿ ತಂತು ಪಂಗ್ಗೆಲರನ್ ಈ ಪರ್ವತವನ್ನು ಕಮ್ಮಾರನಾದ ಬ್ರಹ್ಮನ ಕುಲುಮೆಯೊಡನೆ ಜೋಡಿಸುವುದನ್ನು ನೆನೆದರೆ, ಅರಮನೆಯ ದಾಖಲೆಯೂ ಆಶ್ರಮಗಳ ಪುರಾಣವೂ ಒಂದೇ ನಂಬಿಕೆಯನ್ನು ಬೇರೆಬೇರೆ ಭಾಷೆಯಲ್ಲಿ ಆಡುತ್ತಿದ್ದವೆಂದು ತಿಳಿಯುತ್ತದೆ.

ಕಾಲವೊಂದನ್ನೇ ಗಣಿಸಿದರೂ ಪಲಾಯನದ ವಾದ ನಿಲ್ಲುವುದು ಕಷ್ಟ. ಮಜಪಹಿತ್‌ನ ಪತನವನ್ನು ಜಾವಾದ ಸಂಪ್ರದಾಯ 1478ಕ್ಕೂ ಇತಿಹಾಸಕಾರರು ಸುಮಾರು 1527ಕ್ಕೂ ಇರಿಸುತ್ತಾರೆ; ಎರಡರಲ್ಲಿ ಯಾವುದನ್ನು ಹಿಡಿದರೂ ಪಟವು ಎಪ್ಪತ್ತು ವರ್ಷಗಳಿಗಿಂತ ಹೆಚ್ಚು ಹಿಂದಿನದು. ಬೆಟ್ಟದ ದೈವಕ್ಕೆ ಮುಡಿಪಾದ ಸಮುದಾಯವನ್ನು ರಾಜ್ಯದ ಪತನ ಸೃಷ್ಟಿಸಿತೆಂಬುದು ಹಾಗಾದರೆ ಅಸಂಗತವಾಗುತ್ತದೆ, ಏಕೆಂದರೆ ರಾಜ್ಯವು ಬದುಕಿದ್ದಾಗಲೇ ಅಂಥ ಸಮುದಾಯಕ್ಕೆ ಮಾನ್ಯತೆ ದೊರೆತಿದೆ.

ಇದಕ್ಕೆ ಎದುರಾಗಿ ಎತ್ತಬಹುದಾದ ಗಂಭೀರ ಆಕ್ಷೇಪ ಸ್ಥಳಕ್ಕೆ ಸಂಬಂಧಿಸಿದ್ದು. ವಲಂಡಿತ್ ಅನ್ನು ಮಲಾಂಗ್ ಜಿಲ್ಲೆಯ ಸಿಂಗೊಸಾರಿಯ ಬಳಿಯ ಬ್ಲಂಡಿತ್ ಎಂಬ ಗ್ರಾಮದೊಡನೆ ಗುರುತಿಸುವುದುಂಟು. ಅದು ತೆಂಗ್ಗೆರ್ ಶ್ರೇಣಿಯ ಪಶ್ಚಿಮದ ತಪ್ಪಲಿನಲ್ಲಿದೆಯೇ ಹೊರತು ಕುಂಡದ ನೆರೆಯಲ್ಲಿಲ್ಲ. ಹಾಗಿದ್ದರೆ ಪಟವು ತಪ್ಪಲಿನವರ ಕಥೆ ಹೇಳುತ್ತದೆ, ಬೆಟ್ಟದವರದನ್ನಲ್ಲ ಎಂದು ನಿರಾಶ್ರಿತ ಪಕ್ಷದವರು ವಾದಿಸಬಹುದು. ಮೇಲ್ನೋಟಕ್ಕೆ ಬಲವಾಗಿರುವ ಈ ಆಕ್ಷೇಪ ಸೂಕ್ಷ್ಮವಾಗಿ ನೋಡಿದಾಗ ಎದುರು ಪಕ್ಷಕ್ಕೇ ನೆರವಾಗುತ್ತದೆ. ಸಿಂಡೊಕ್ ರಾಜನ ಕಾಲದ ಲಿಂಗ್ಗಸುಂತನ್ ಶಾಸನ (929) ವಲಂಡಿತ್‌ನ ಭಟಾರನಿಗೆ, ಅಂದರೆ ಅಲ್ಲಿಯ ಆರಾಧ್ಯ ದೈವಕ್ಕೆ, ವರ್ಷಂಪ್ರತಿ ನಡೆಯಬೇಕಾದ ಪೂಜೆಗಾಗಿ ಭೂಮಿ ಬಿಟ್ಟುದನ್ನು ಹೇಳುತ್ತದೆ. ಮುಂಚಾಂಗ್ ಶಾಸನ (944) ಅದೇ ಕ್ಷೇತ್ರದ ದೈವವನ್ನು ಸ್ವಯಂಭುವ ಎಂದು ಕರೆಯುತ್ತದೆ, ಇದು ಬ್ರಹ್ಮನಿಗೆ ಸಲ್ಲುವ ಹೆಸರು. ಮಜಪಹಿತ್ ಕಾಲದ, ಕಾಲೋಲ್ಲೇಖವಿಲ್ಲದ ಹಿಮದ್-ವಲಂಡಿತ್ ತೀರ್ಪಿನಲ್ಲಿ ನೆರೆಯ ಹಿಮದ್ ಊರಿನವರು ವಲಂಡಿತ್ ಕ್ಷೇತ್ರದ ಮೇಲೆ ಹಕ್ಕು ಸಾಧಿಸಲು ಬಂದಾಗ ವಲಂಡಿತ್‌ನವರು ಸಿಂಡೊಕ್‌ನ ಹಳೆಯ ಶಾಸನವನ್ನೇ ಮುಂದಿಟ್ಟು ತಮ್ಮ ಸ್ವಾತಂತ್ರ್ಯವನ್ನು ಸಮರ್ಥಿಸಿಕೊಂಡರು. ಶತಮಾನಗಳಷ್ಟು ಹಳೆಯ ದಾಖಲೆಯನ್ನು ಕಾಪಿಟ್ಟುಕೊಂಡು ನ್ಯಾಯಸ್ಥಾನದಲ್ಲಿ ಬಿಚ್ಚಿ ತೋರಿಸಬಲ್ಲ ಊರು ದಿಕ್ಕುಗೆಟ್ಟವರ ಬೀಡಲ್ಲ.

ಹೀಗೆ 1293ರಲ್ಲಿ ಸ್ಥಾಪಿತವಾದ ಮಜಪಹಿತ್‌ಗಿಂತ ವಲಂಡಿತ್‌ನ ದೈವಕ್ಷೇತ್ರವೇ 364 ವರ್ಷಗಳಷ್ಟಾದರೂ ಹಿರಿಯದು. ಕ್ಷೇತ್ರವು ತಪ್ಪಲಿನಲ್ಲಿದ್ದು ಅದರ ಲೋಹಪಟ ಕುಂಡಕ್ಕೆ ಎದುರಾದ ಪೆನಂಜಕನ್ ಭಾಗದಲ್ಲಿ ದೊರೆತಿರುವುದರಿಂದ, ತಪ್ಪಲು ಮತ್ತು ಶಿಖರ ಒಂದೇ ಆರಾಧನಾ ವ್ಯವಸ್ಥೆಯ ಎರಡು ತುದಿಗಳಾಗಿದ್ದವೆಂದು ಊಹಿಸುವುದು ಹೆಚ್ಚು ಸಹಜ. ಕೆಳಗಿನವರು ಮೇಲೆ ಹೋಗಿ ಬರುತ್ತಿದ್ದರು; ಏರುವುದೇ ಅವರ ಕಾಯಕವಾಗಿತ್ತು. ಬೆಟ್ಟವನ್ನು ಬಯಲಿನಿಂದ ಬೇರ್ಪಡಿಸಿದ್ದು ತೀರ ತಡವಾಗಿ ನಡೆದ ಘಟನೆ: 17ನೆಯ ಶತಮಾನದಲ್ಲಿ ಮತಾರಾಂ ರಾಜ್ಯ ನಡೆಸಿದ ದಂಡಯಾತ್ರೆಗಳು, 1686ರಿಂದ ಪಾಸುರುವಾನ್‌ನಲ್ಲಿ ಬೇರೂರಿದ ಬಂಡಾಯಗಾರ ಉಂಟುಂಗ್ ಸುರಾಪತಿಯ ಮತ್ತು ಅವನ ವಂಶಜರ ವಿರುದ್ಧ ಡಚ್ ಕಂಪನಿ ನಡೆಸಿದ ದೀರ್ಘ ಸಮರಗಳು ತಪ್ಪಲಿನ ಊರುಗಳನ್ನು ಹಾಳುಗೆಡವಿದವು. ರಾಫಲ್ಸ್ ಕಂಡ ಏಕಾಂಗಿ ಬೆಟ್ಟ ಆ ವಿನಾಶದ ಫಲವಾಗಿತ್ತು. ಅದನ್ನು ಮೂಲಸ್ಥಿತಿಯೆಂದು ಭಾವಿಸಿದ್ದರಲ್ಲಿ ತಪ್ಪೆಲ್ಲವೂ ಅಡಗಿದೆ.

ಈ ದಿಕ್ಕಿನಲ್ಲಿ ರಾಬರ್ಟ್ ಹೆಫ್ನರ್ 1985ರಲ್ಲಿ ಪ್ರಕಟಿಸಿದ ತೆಂಗ್ಗೆರ್ ಅಧ್ಯಯನಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ತಿಯಾಗಿ ಸಂದಿಲ್ಲ. ತೆಂಗ್ಗೆರ್ ಪುರೋಹಿತರ ಪೂರ್ವಕ ಭೂಮಿ ಎಂಬ ಸೃಷ್ಟಿಮಂತ್ರವನ್ನು ಬಾಲಿ ದ್ವೀಪದಲ್ಲಿ ದೊರೆಯುವ ಅದೇ ಬಗೆಯ ಪಠ್ಯದೊಡನೆ ಹೋಲಿಸಿ, ಇದು ಕಾಡುಜನರ ಆಚಾರವೂ ಅಲ್ಲ, ಅರಮನೆಯ ಅಳಿದುಳಿದ ತುಣುಕೂ ಅಲ್ಲ, ಜನಸಾಮಾನ್ಯರ ನಡುವೆ ಕೆಲಸ ಮಾಡುತ್ತಿದ್ದ ಶೈವ ಪುರೋಹಿತ ಪರಂಪರೆಯ ಕುಡಿ ಎಂದು ಅವರು ತೋರಿಸಿಕೊಟ್ಟರು. ಪುರೋಹಿತರು ಪವಿತ್ರ ಜಲಕ್ಕಾಗಿ ಇಂದಿಗೂ ಬಳಸುವ, ರಾಶಿಚಕ್ರದ ಚಿತ್ರಗಳುಳ್ಳ ‘ಪ್ರಸೆನ್’ ಎಂಬ ಕಂಚಿನ ಪಾತ್ರೆಗಳಲ್ಲಿ ಮಜಪಹಿತ್ ಕಾಲದ ಶಕವರ್ಷಗಳನ್ನು ಕೆತ್ತಿರುವುದೂ ಈ ನಿಲುವಿಗೆ ಪೂರಕವಾಗಿದೆ.

ಆದರೂ ನಿರಾಶ್ರಿತವಾದವನ್ನು ಕಳಚಿದ ಭರದಲ್ಲಿ ಇನ್ನೊಂದು ಅತಿಗೆ ಹಾರುವವರಿದ್ದಾರೆ. 1405ರ ಪಟವನ್ನು ಕಸದ ಹಬ್ಬದ ಪ್ರಾಚೀನತೆಗೆ ಪ್ರಮಾಣಪತ್ರವೆಂಬಂತೆ ಬಳಸುವುದು ಸಾಧುವಲ್ಲ. ಅದು ಆರಾಧನೆಯ ಹೊಣೆಯನ್ನೂ ಅದಕ್ಕೆ ಸಂದ ವಿನಾಯಿತಿಯನ್ನೂ ಸ್ಥಾಪಿಸುತ್ತದೆ, ಹಬ್ಬವೊಂದನ್ನಲ್ಲ. ಅಲ್ಲದೆ ವಲಂಡಿತ್‌ನ ಹುಲುನ್ ಹ್ಯಾಂಗ್ ಜನರಿಗೂ ಇಂದಿನ ತೆಂಗ್ಗೆರ್ ಕುಟುಂಬಗಳಿಗೂ ನಡುವೆ ರಕ್ತಸಂಬಂಧದ ಅಖಂಡ ಸರಪಳಿಯನ್ನು ಹೆಣೆಯಲು ಹೊರಡುವುದು ವ್ಯರ್ಥ ಸಾಹಸ; ಯುದ್ಧಗಳ ಕಾಲದಲ್ಲಿ ಹೊರಗಿನವರು ಬೆಟ್ಟ ಸೇರಿರಬಹುದು, ಸೇರಿಯೂ ಇದ್ದಾರು. ಮುಂದುವರಿದಿರುವುದು ವಂಶವಲ್ಲದಿದ್ದರೂ ಹೊಣೆ ಎಂಬಷ್ಟನ್ನು ಮಾತ್ರ ಪ್ರಮಾಣಗಳು ತಾಳುತ್ತವೆ.

ಈ ಹೊಣೆಯ ರೂಪವನ್ನು ಇಂದಿನ ಯಾತ್ರೆಯಲ್ಲಿಯೂ ಗುರುತಿಸಬಹುದು. ಕಸದ ಮಾಸದ ಹುಣ್ಣಿಮೆಯ ಹೊತ್ತಿಗೆ ಬೇರೆಬೇರೆ ಹಳ್ಳಿಗಳವರು ಅಡ್ಡೆಯಾಕಾರದ ‘ಒಂಕೆಕ್’ಗೆ ತರಕಾರಿ, ಹಣ್ಣು, ಹೂಗಳನ್ನು ಕಟ್ಟಿಕೊಂಡು, ಮರಳುಗಡಲಿನ ನಡುವಿನ ಪೋತೆನ್ ಗುಡಿಯಲ್ಲಿ ನೆರೆದು, ನಸುಕಿನಲ್ಲಿ ಸುಮಾರು 250 ಮೆಟ್ಟಿಲುಗಳನ್ನೇರಿ, 2,329 ಮೀಟರ್ ಎತ್ತರದ ಬ್ರೋಮೊವಿನ ಕುಂಡಕ್ಕೆ ಅವನ್ನು ಎಸೆಯುತ್ತಾರೆ, ಕುಂಡದ ಒಳಗೋಡೆಯ ಜಾರು ಬೂದಿಯಲ್ಲಿ ಹೆಜ್ಜೆಯೂರಿ ನಿಂತ ಇತರರು ಉದ್ದನೆಯ ಕೋಲಿಗೆ ಕಟ್ಟಿದ ಬಲೆಗಳಲ್ಲಿ ಆ ಕಾಣಿಕೆಗಳನ್ನು ನಡುವೆಯೇ ಹಿಡಿಯುತ್ತಾರೆ. ಅದಕ್ಕೂ ಮೊದಲು ‘ದುಕುನ್’ ಎನಿಸುವ ಪುರೋಹಿತ ಪದವಿಯ ಅಭ್ಯರ್ಥಿಗಳು ಹಿರಿಯರ ಸಮ್ಮುಖದಲ್ಲಿ ಮಂತ್ರಗಳನ್ನು ತಪ್ಪಿಲ್ಲದೆ ಒಪ್ಪಿಸಬೇಕು. ಪ್ರವಾಸ ಸಾಹಿತ್ಯವು ಕಡೆಗಣಿಸುವ ಈ ಪರೀಕ್ಷೆಯೇ ಸಂಶೋಧಕನಿಗೆ ಮುಖ್ಯವಾದುದು, ಏಕೆಂದರೆ ಬೆಟ್ಟದ ಸೇವೆ ಇಲ್ಲಿ ವೈಯಕ್ತಿಕ ಭಕ್ತಿಯಾಗಿರದೆ ಊರು ಒಪ್ಪಿಸಿ, ಊರು ಪರೀಕ್ಷಿಸುವ ಉದ್ಯೋಗವಾಗಿದೆ. ರೋರೊ ಅಂತೆಂಗ್ ಮತ್ತು ಜೋಕೊ ಸೆಗೆರ್ ದಂಪತಿಗಳ ಐತಿಹ್ಯವೂ ಇದನ್ನೇ ಹೇಳುತ್ತದೆ: ಬೆಟ್ಟದ ವರದಿಂದ 25 ಮಕ್ಕಳನ್ನು ಪಡೆದವರು ಕೊನೆಯ ಮಗ ಕುಸುಮನನ್ನು ಕುಂಡಕ್ಕೆ ಸಲ್ಲಿಸಬೇಕಾಯಿತು, ಅವನ ಕೋರಿಕೆಯಂತೆ ವಂಶಜರು ವರ್ಷವರ್ಷವೂ ಕಾಣಿಕೆ ತರುತ್ತಾರೆ. ನಾಯಕಿ ಮಜಪಹಿತ್‌ನ ರಾಜಕುಮಾರಿ ಎಂಬ ಒಂದೇ ವಿವರವನ್ನು ಹೆಕ್ಕಿ ಪಲಾಯನಕ್ಕೆ ಸಾಕ್ಷಿಯಾಗಿಸಿದವರು, ಕಥೆಯ ನಡುಗಂಬವಾದ ಈ ಸಲ್ಲಿಕೆಯನ್ನು ಗಮನಿಸಲೇ ಇಲ್ಲ. ರಾಜನು ಬಿಟ್ಟುಕೊಟ್ಟ ತೆರಿಗೆಯನ್ನು ಬೆಟ್ಟಕ್ಕೆ ಸಲ್ಲಿಸುವ ಪಟದ ತರ್ಕವೂ ಐತಿಹ್ಯದ ತರ್ಕವೂ ಒಂದೇ.

ನಿರಾಶ್ರಿತರ ಕಥೆ ಇಷ್ಟು ಕಾಲ ಬಾಳಲು ಕಾರಣಗಳು ಬೇರೆಯೇ ಇವೆ. 1965ರ ಹಿಂಸಾಚಾರದ ಅನಂತರ ಇಂಡೋನೇಷ್ಯಾದಲ್ಲಿ ಪ್ರತಿಯೊಬ್ಬನೂ ಮಾನ್ಯ ಧರ್ಮವೊಂದನ್ನು ಹೆಸರಿಸಲೇಬೇಕಾದ ಒತ್ತಡ ಬಿಗಿಯಾಗಿ, ತೆಂಗ್ಗೆರ್ ಮುಖಂಡರು 1970ರ ದಶಕದಲ್ಲಿ ‘ಪರಿಷದ ಹಿಂದೂ ಧರ್ಮ’ ಎಂಬ ಸಂಸ್ಥೆಯೊಡನೆ ಗುರುತಿಸಿಕೊಂಡಾಗ, ಮಜಪಹಿತ್‌ನ ವಾರಸುದಾರಿಕೆ ಅವರಿಗೆ ಗೌರವದ ರಕ್ಷೆಯಾಯಿತು. ಅದನ್ನು ಹಿಡಿದುಕೊಂಡದ್ದಕ್ಕಾಗಿ ಅವರನ್ನು ದೂರುವಂತಿಲ್ಲ. ಆದರೆ 1982ರಲ್ಲಿ ಬ್ರೋಮೊ-ತೆಂಗ್ಗೆರ್-ಸೆಮೆರು ರಾಷ್ಟ್ರೀಯ ಉದ್ಯಾನ ಘೋಷಿತವಾಗಿ, ಙದಾಸ್‌ನಂಥ ಹಳ್ಳಿಗಳು ಅದರ ಒಳಗಿನ ನಡುಗಡ್ಡೆಗಳಾದ ಮೇಲೆ, ಪರ್ವತದ ಮೇಲೆ ಯಾರ ಮಾತು ನಡೆಯಬೇಕೆಂಬ ಪ್ರಶ್ನೆ ಬರಿಯ ಪಾಂಡಿತ್ಯದ್ದಾಗಿ ಉಳಿದಿಲ್ಲ. ನಿರಾಶ್ರಿತನಿಗೆ ಸಿಗುವುದು ಆಶ್ರಯ. ಸೇವಕನಾಗಿ ನೇಮಕಗೊಂಡವನಿಗೆ ಇರುವುದು ಹಕ್ಕು. ವಲಂಡಿತ್‌ನವರು ಹಿಮದ್‌ನವರ ಎದುರು ಲಿಖಿತ ದಾಖಲೆ ತೋರಿಸಿ ಗೆದ್ದದ್ದು ಈ ಎರಡನೆಯ ನೆಲೆಯಲ್ಲಿ ನಿಂತು. ತೆಂಗ್ಗೆರ್ ಇತಿಹಾಸವನ್ನು ಬರೆಯಹೊರಡುವ ಯಾರೇ ಆದರೂ 1478ರಿಂದಾಗಲಿ 1527ರಿಂದಾಗಲಿ ಆರಂಭಿಸದೆ, 929ರಿಂದ ಆರಂಭಿಸಬೇಕಾಗುತ್ತದೆ.